ನಾನು ತುಂಬಿಸಿದ ಗೋದಲಿ

ಕ್ರಿಸ್‌ಮಸ್ಸಿಗೆ ಕ್ರೈಸ್ತರ ಮನೆಯಲ್ಲಿ ಮಾಡುವ ಗೋದಲಿ ಎಂದರೆ ನಮ್ಮ ದಸರೆಯ ಗೊಂಬೆಗಳೇ, ಮೆಟ್ಟಿಲಿನ ಬದಲು ದನದ ಕೊಟ್ಟಿಗೆ, ಅಷ್ಟೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಗೊಂಬೆ ಕೂರಿಸುವುದರಲ್ಲಿ ಸತ್ಯನಾರಾಯಣಪೇಟೆಯಲ್ಲೇ ನನಗೆ ಸರಿಸಾಟಿ ಇಲ್ಲ! ಆದ್ದರಿಂದ ಐವತ್ತನೇ ಇಸವಿಯ ಡಿಸೆಂಬರಿನಲ್ಲಿ ನಮ್ಮ ಕಚೇರಿಯ ಟೈಪಿಸ್ಟ್ ಚಿನ್ನಪ್ಪ ಗೋದಲಿ ನೋಡಲು ಕರೆದಾಗ, ಕ್ರೈಸ್ತ ಸಮಾಜಕ್ಕೆ ನನ್ನ ಕೈಲಾದ ಸೇವೆ ಸಲ್ಲಿಸಿಯೇ ಬರುವೆನೆಂದು ಪಣ ತೊಟ್ಟೆ.

ಕರೆಯದಿದ್ದರೂ ಹೋಗುತ್ತಿದ್ದೆ, ಬಿಡಿ. ಹೆಂಡತಿ ಪದ್ಮಾಬಾಯಿ ಸಿರುಗುಪ್ಪದ ತವರಿಗೆ ಹೋಗಿ ಎರಡು ತಿಂಗಳಾಗಿತ್ತು.

"ನಮ್ಮಣ್ಣ ಕಣ್ಣಿನ ಆಪರೇಷನ್ನಿಗೆ ಬರ್ತಾನ. ಹದಿನೈದು ದಿನ ಮುಂದಿನ ಕೋಣಿ ಬಿಟ್ಟುಕೊಡ್ರಿ" ಎಂದಿದ್ದಳು.

"ಅದು ನಾ ಬರಿಯೋ ಕೋಣಿ! ಮನ್ಯಾಗ ಜಾಗಾ ಎಲ್ಲಿ ಅದ?"

"ಹಂಗಾರ ನನ್ನ ಜಾಗಾನೂ ನೀವೇ ಇಟ್ಕೋರಿ!"

ಇದನ್ನು ನಾನು ಕಚೇರಿಯಲ್ಲಿ ಚಿನ್ನಪ್ಪನಿಗೆ ನನ್ನ ದಿಗ್ವಿಜಯವೆಂದೇ ವರ್ಣಿಸಿದ್ದೆ. ಆದರೆ ಅಂದಿನಿಂದ ಇಡೀ ಮನೆಯೇ ನನ್ನ ಬರೆಯುವ ಕೋಣೆ. ಬರೆದದ್ದನ್ನು ಓದಿದರೆ ಕೇಳಲು ಗೋಡೆಯ ಮೇಲೊಂದು ಹಲ್ಲಿ, ಅದೂ ಲೊಚಗುಟ್ಟುತ್ತಿತ್ತು.

ಕೌಲ್ ಬಜಾರಿನ ಚಿನ್ನಪ್ಪನ ಮನೆಯಲ್ಲಿ ಹುಲ್ಲಿನ ಕೊಟ್ಟಿಗೆ, ಮಣ್ಣಿನ ದನ, ಕುರುಬರು, ತಾಯಿ, ತಂದೆ, ಎಲ್ಲರೂ ಇದ್ದರು. ನಡುವೆ ಮೇವು ಹಾಕುವ ತೊಟ್ಟಿ ಮಾತ್ರ ಖಾಲಿ! ಅಷ್ಟೂ ಗೊಂಬೆಗಳು ಆ ಬರಿಯ ಹುಲ್ಲನ್ನೇ ನೋಡುತ್ತಿದ್ದವು. ಪಾಪ, ಕೂಸಿನ ಗೊಂಬೆ ಒಡೆದಿರಬೇಕು, ಹೇಳಿಕೊಳ್ಳಲು ಸಂಕೋಚ! ಮರುದಿನ ಸಂಜೆ ನಮ್ಮ ಗೋಕುಲಾಷ್ಟಮಿಯ ಅಂಬೆಗಾಲು ಕೃಷ್ಣನನ್ನು ಜೇಬಿನಲ್ಲಿಟ್ಟು ಹೋದೆ. ಚಿನ್ನಪ್ಪ ಬಾಳೆಹಣ್ಣು ತರಲು ಒಳಗೆ ಹೋದಾಗ ತೊಟ್ಟಿಯಲ್ಲಿ ಇಟ್ಟೇಬಿಟ್ಟೆ.

ಮೊದಲು ನೋಡಿದವರು ಅವನ ತಾಯಿ ಜ್ಞಾನಮ್ಮ.

"ಲೇ ಚಿನ್ನಪ್ಪಾ, ಬಾರಲೇ ಇಲ್ಲಿ! ಕೂಸು ನಾಕು ದಿನ ಮುಂಚೇನ ಹುಟ್ಟೇತಿ! ಮೈಯೆಲ್ಲ ನೀಲಿ, ಕೈಯಾಗ ಬೆಣ್ಣಿ ಬ್ಯಾರೆ!"

ಓಣಿಯೆಲ್ಲ ನೆರೆಯಿತು. ಒಬ್ಬರು ಪವಾಡವೆಂದರು, ಇನ್ನೊಬ್ಬರು ಪಾದ್ರಿಗಳನ್ನು ಕರೆತರಲು ಚಪ್ಪಲಿ ಹುಡುಕಿದರು. ನಾನು ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡು ತಪ್ಪೊಪ್ಪಿಕೊಂಡೆ.

ಜ್ಞಾನಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಕೃಷ್ಣನಿಗೆ ಅಂಟಿದ್ದ ಹುಲ್ಲನ್ನು ಸೆರಗಿನಿಂದ ಬಿಡಿಸಿ ನನ್ನ ಕೈಗಿಟ್ಟರು.

"ಒಡದಿಲ್ರಿ ರಾಯರ. ನಮ್ಮ ಕೂಸು ಪೆಟಗ್ಯಾಗ ಐತಿ. ಹಬ್ಬದ ರಾತ್ರೀನ ಇಡಾದು. ಅಲ್ಲೀತನಕ ಜಾಗಾ ಖಾಲಿ ಬಿಟ್ಟು ದಾರಿ ಕಾಯಾದು. ಬರೋರಿಗೆ ನಾವಾರ ಜಾಗಾ ಇಟ್ಟೀವಿ ಅಂತ."

"ನಾವಾರ ಅಂದ್ರ?"

"ದಿನ ತುಂಬಿದ ಬಸುರಿ ಊರಿಗೆ ಬಂದ್ರ, ಛತ್ರದಾಗ ಜಾಗಾ ಇಲ್ಲ ಅಂದ್ರು. ಅದಕ್ಕ ಸ್ವಾಮಿ ದನದ ಕೊಟ್ಟಿಗ್ಯಾಗ ಹುಟ್ಟಿದ."

ಹೋದ ಮಾನವನ್ನು ಇಲ್ಲಾದರೂ ಗಳಿಸೋಣವೆಂದು, ಕನ್ನಡಕ ಏರಿಸಿ, ನ್ಯಾಯಾಧೀಶನ ಗತ್ತಿನಲ್ಲಿ ಕೇಳಿದೆ: "ಅಲ್ರೀ ಜ್ಞಾನಮ್ಮ, ಅಷ್ಟು ದೊಡ್ಡ ಛತ್ರ. ಒಂದು ಕೋಣಿ ಸುದ್ದಾ ಇರಲಿಲ್ಲೇನು?"

"ಇತ್ತ್ರಿ ರಾಯರ. ಅದರಾಗ ನಿಮ್ಮಂಥವರೊಬ್ರು ಬರಕೋತ ಕುಂತಿದ್ರು."