ಸೊಸೆಯನ್ನು ತಮ್ಮನ ಮಗಳನ್ನಾಗಿ ಮಾಡಿದ್ದು

ವಿಚಾರಣೆಗೆ ಬಂದವರ ಮುಂದೆ ಹೇಗೆ ಮಾತನಾಡಬೇಕು ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಹೆಣ್ಣು ಕೊಟ್ಟು ತಂದ ಮನೆ ನಮ್ಮದು. ಹಾನಗಲ್ ತಾಲೂಕಿನಲ್ಲಿ ನಾನು ಬಾಯಿ ಹಾಕಿ ಕೂಡಿಸಿದ ಸಂಬಂಧಗಳು ಬಹಳ. ಮುರಿದವೂ ಇವೆ, ಅವುಗಳ ಮಾತು ಈಗ ಬೇಡ. ಇಷ್ಟು ತಿಳಿದ ನಾನೇ ನನ್ನ ಸೊಸೆಯ ಕೆಲಸ ಕೆಡಿಸಿ ಕುಳಿತೆ!

ನನ್ನ ಸೊಸೆ ಮಾಯಾ ನೇಪಾಳದವಳು. ಮಗ ಬಸವರಾಜ ಗೋವಾದ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದಾಗ ಅಲ್ಲಿಯೇ ಮದುವೆಯಾಗಿ ಕರೆತಂದ. ಸೇರಕ್ಕಿ ಒದೆಸಿ ಒಳಗೆ ತೆಗೆದುಕೊಂಡು, ಮಹಾದೇವಿ ಎಂದು ಹೆಸರಿಟ್ಟವಳು ನಾನು. ಈಗ ಅವಳ ಮಗಳು ಶಿಲ್ಪಾಳೇ ಮದುವೆಯ ವಯಸ್ಸಿಗೆ ಬಂದಿದ್ದಾಳೆ. ಆದರೂ ಸರಕಾರದ ಲೆಕ್ಕದಲ್ಲಿ ಮಾಯಾ ಇನ್ನೂ ಪರದೇಶದವಳು. ಓಟಿನ ದಿನ ನಮಗೆಲ್ಲ ನಸುಕಿನಲ್ಲಿಯೇ ರೊಟ್ಟಿ ಬಡಿದು ಕಳಿಸುತ್ತಾಳೆ. ನಾವು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರೆ ಅವಳ ಬೆರಳಿಗೆ ಒಲೆಯ ಮಸಿ!

ಈ ದೇಶದವಳು ಎಂದು ಬರೆಸಿಕೊಳ್ಳಲು ಅವಳು ಅರ್ಜಿ ಹಾಕಿ ವರ್ಷಗಳೇ ಕಳೆದವು. ಬಸವರಾಜ ಕಚೇರಿಗೆ ಹೋದಾಗ ಒಮ್ಮೆ "ಫೈಲು ಮ್ಯಾಲ ಹೋಗೇತಿ" ಎನ್ನುತ್ತಿದ್ದರು. ಮತ್ತೊಮ್ಮೆ ಹೋದರೆ "ಕೆಳಗ ಬಂದೈತಿ". ಅರ್ಜಿ ಹಾಕಿದಾಗ ಹಿತ್ತಲಲ್ಲಿ ಜಿಗಿಯುತ್ತಿದ್ದ ಕರು ಈಗ ಮೂರು ಕರು ಹಾಕಿದ ಆಕಳಾಗಿದೆ. ಫೈಲು ಮಾತ್ರ ಗಬ್ಬವೇ ನಿಲ್ಲಲಿಲ್ಲ! ಒಂದು ದಿನ ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಿರಿ ಎಂದು ಕಚೇರಿಯವರು ಹೇಳಿದ್ದರು. ದಾರಿ ನೋಡಿ ನೋಡಿ ನಾನಂತೂ ಅದನ್ನು ಮರೆತೇ ಬಿಟ್ಟೆ.

ಅಷ್ಟರಲ್ಲಿ ಶಿಲ್ಪಾಗೆ ಶಿಗ್ಗಾವಿಯ ಕಡೆಯಿಂದ ಒಂದು ಸಂಬಂಧ ಬಂತು. ಗಂಡಿನ ಕಡೆಯವರು ಹೇಳದೆ ಕೇಳದೆ ಬಂದು ಮನೆತನ ವಿಚಾರಿಸಿಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ನನಗೆ ಒಂದೇ ಚಿಂತೆ. ತಾಯಿ ನೇಪಾಳದವಳೆಂದು ಗೊತ್ತಾದರೆ ಅವರು ಚಹಾ ಕುಡಿಯದೆ ಎದ್ದು ಹೋಗುತ್ತಾರೆ!

ಆ ದಿನ ಮಗ, ಸೊಸೆ ಇಬ್ಬರೂ ಹೊಲಕ್ಕೆ ಹೋಗಿದ್ದರು. ಒಬ್ಬ ಮನುಷ್ಯ ಅಂಗಳಕ್ಕೆ ಬಂದು ನಿಂತ. ಬಿಳಿ ಅಂಗಿ, ಬಗಲಲ್ಲಿ ಚೀಲ, ಕಾಲಲ್ಲಿ ಫಳಫಳ ಹೊಳೆಯುವ ಕೆಂಪು ಬೂಟು. ಶಿಗ್ಗಾವಿಯವರು ಅನುಕೂಲಸ್ಥರು, ಅಂದುಕೊಂಡೆ.

"ನಿಮ್ಮ ಸೊಸಿ ಬಗ್ಗೆ ಸ್ವಲ್ಪ ವಿಚಾರಿಸೋದೈತ್ರಿ, ಅಮ್ಮಾರ."

"ಬರ್ರಿ, ಕುಂದರ್ರಿ!" ಎಂದು ಕಂಬಳಿ ಹಾಸಿದೆ. ಚಹಾ ಕೊಟ್ಟೆ. ಸವಣೂರಿನ ಎಲೆ ಒರೆಸಿ ಸುಣ್ಣ ಸವರಿ ಮುಂದಿಟ್ಟೆ.

"ಯಾವ ಊರಾಕಿ ರೀ ನಿಮ್ಮ ಸೊಸಿ?"

"ಹಿರೇಕೆರೂರಾಕಿ! ನನ್ನ ಒಡಹುಟ್ಟಿದ ತಮ್ಮನ ಮಗಳು. ಕಳ್ಳುಬಳ್ಳಿ ಸಂಬಂಧ ರೀ, ಹೊರಗಿಂದಲ್ಲ."

ಅವನು ನನ್ನ ಮುಖ ನೋಡಿದ. "ಮತ್ತ ನೇಪಾಳದವರು ಅಂತ..."

ಯಾರೋ ಆಗದವರು ಕಿವಿ ಊದಿದ್ದಾರೆ! ನನಗೆ ಸಿಟ್ಟು ನೆತ್ತಿಗೇರಿತು.

"ಹಂಗಂದವರ ಬಾಯಾಗ ಮಣ್ಣು ಬೀಳ್ಲಿ! ನೇಪಾಳ ಯಾವ ದಿಕ್ಕಿಗೈತಿ ಅನ್ನೋದೂ ಅಕಿಗೆ ಗೊತ್ತಿಲ್ರಿ. ಅಕಿ ಹುಟ್ಟಿದಾಗ ಹೊಕ್ಕಳಬಳ್ಳಿ ಕೊಯ್ದಾಕಿನ ನಾನು!"

ಅಷ್ಟಕ್ಕೆ ಸುಮ್ಮನಾಗಲಿಲ್ಲ. ಬಾಯಿಗೆ ಬಂದದ್ದಕ್ಕೆ ಸಾಕ್ಷಿಯೂ ಬೇಕೆನಿಸಿತು. ಗೋಡೆಯಾಚೆ ಮೆಣಸಿನಕಾಯಿ ಒಣಹಾಕುತ್ತ ಎಲ್ಲ ಕೇಳಿಸಿಕೊಂಡಿದ್ದ ಗಂಗವ್ವನನ್ನು ಕರೆದು ಕಣ್ಣು ಹೊಡೆದೆ.

"ಗಂಗವ್ವ, ನಮ್ಮ ಮಾದೇವಿ ಯಾರ ಮಗಳು, ಹೇಳು ಇವರಿಗೆ!"

"ಈ ಗಿರಿಜಕ್ಕನ ತಮ್ಮನ ಮಗಳಲ್ಲೇನ್ರಿ!" ಎಂದಳು ಪುಣ್ಯಾತಗಿತ್ತಿ. "ಹಿರೇಕೆರೂರಾಗ ಮದುವಿ. ಹೋಳಿಗಿ ಲಟ್ಟಿಸಿ ಲಟ್ಟಿಸಿ ನನ್ನ ರಟ್ಟಿ ಬಿದ್ದುಹೋಗಿದ್ದವು!"

ಅವನು ಎಲ್ಲ ಬರೆದುಕೊಂಡು, "ಇದಕ್ಕೊಂದು ಸಹಿ ಮಾಡ್ರಿ" ಎಂದ. ಸಹಿ ತೆಗೆದುಕೊಂಡು ಹೋಗುವ ಬೀಗರನ್ನು ನಾನು ಕಂಡಿರಲಿಲ್ಲ. ಶಿಗ್ಗಾವಿಯವರು ಬಹಳ ಬಂದೋಬಸ್ತಿನ ಮಂದಿ ಎಂದುಕೊಂಡೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟರೂ ನನ್ನ ಸಹಿ ದುಂಡಗಿರುತ್ತದೆ. ಅಂದು ಇನ್ನೂ ದುಂಡಗೆ ಮಾಡಿದೆ!

ಸಂಜೆ ಮಗ, ಸೊಸೆ ಬಂದ ಕೂಡಲೇ ನನ್ನ ಪರಾಕ್ರಮವನ್ನೆಲ್ಲ ಹೇಳಿದೆ. ಬಸವರಾಜ ಕಾಲು ತೊಳೆಯುವುದನ್ನು ಬಿಟ್ಟು ನಿಂತ.

"ಯವ್ವಾ, ಅವನ ಬೂಟು ಎಂಥಾವಿದ್ದವು?"

"ಕೆಂಪಗ ಚಂದ ಇದ್ದವು."

"ಅವು ಪೊಲೀಸರ ಬೂಟು ಬೇ!"

ಮಾಯಾ ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಸಾವಕಾಶ ಇಳಿಸಿದಳು. ಅಳಲಿಲ್ಲ, ಕೂಗಾಡಲಿಲ್ಲ. ಅದಕ್ಕೇ ನನಗೆ ಅಂಜಿಕೆಯಾಯಿತು.

"ಅತ್ತಿ, ಸಾರಿಗೆ ಉಪ್ಪು ಹೆಚ್ಚಾದ್ರ 'ನೇಪಾಳದಾಕಿ' ಅಂತ ಓಣಿಗೆಲ್ಲ ಕೇಳೋಹಂಗ ಒದರ್ತೀರಿ. ಹಂಗ ಅನ್ನಬೇಕಾಗಿದ್ದು ಒಂದ ದಿನ. ಅವತ್ತ ನಾನು ನಿಮ್ಮ ತಮ್ಮನ ಮಗಳಾದ್ನೇನ್ರಿ?"

ಆ ರಾತ್ರಿ ಅವಳು ಬಡಿಸಿದ ರೊಟ್ಟಿಯನ್ನು ತಲೆ ಬಗ್ಗಿಸಿಯೇ ತಿಂದೆ.

ಮರುದಿನ ಮೂವರೂ ಹಾನಗಲ್ಲಿಗೆ ಹೋದೆವು. ಠಾಣೆಯ ಮೇಜಿನ ಕೆಳಗೆ ಅವೇ ಕೆಂಪು ಬೂಟು. ಮೇಲೆ ಈಗ ಖಾಕಿ!

"ಸಾಹೇಬ್ರ, ನಾನು ಸುಳ್ಳು ಹೇಳಿದ್ನಿ. ಅಕಿ ನೇಪಾಳದಾಕಿ. ಖರೇನ ನೇಪಾಳದಾಕಿ!"

"ನಿನ್ನೆ ಹೊಕ್ಕಳಬಳ್ಳಿ ಕೊಯ್ದೇನಿ ಅಂದ್ರೆಲ್ರಿ ಅಮ್ಮಾರ? ಸಾಕ್ಷಿ ಬ್ಯಾರೆ ಹೋಳಿಗಿ ಲಟ್ಟಿಸ್ಯಾಳ!"

"ಗಂಗವ್ವ ಹೋಳಿಗಿ ತಿಂತಾಳ ಹೊರತು ಲಟ್ಟಿಸೂದಿಲ್ರಿ!"

ಅವರು ನಕ್ಕರು. ಆಮೇಲೆ ಹೇಳಿದ ಮಾತಿಗೆ ನಮಗೆ ನಗು ಬರಲಿಲ್ಲ. ವರದಿ ಬೆಳಿಗ್ಗೆಯೇ ಹೋಗಿತ್ತಂತೆ. ಇನ್ನು ತಪ್ಪಾಯಿತೆಂದು ಬರೆದು ಕೊಡಬೇಕು, ಅದು ಮೇಲೆ ಹೋಗಬೇಕು, ತಿರುಗಿ ಕೆಳಗೆ ಬರಬೇಕು, ಮತ್ತೆ ಹೊಸದಾಗಿ ವಿಚಾರಣೆಯಾಗಬೇಕು. ಸೊಸೆಯ ಖರೇ ಮಾತು ವರ್ಷಗಟ್ಟಲೆ ತೆವಳುತ್ತಿತ್ತು. ನನ್ನ ಸುಳ್ಳು ಒಂದೇ ರಾತ್ರಿಯಲ್ಲಿ ಮುಟ್ಟಿತು!

"ಎಷ್ಟು ದಿನ ಆದೀತ್ರಿ?" ಎಂದೆ.

"ಇದನ್ನ ನೀವು ಕೇಳಬಾರದ್ರಿ, ಅಮ್ಮಾರ."

ಬಸ್ಸಿನಲ್ಲಿ ಮಾಯಾ ಕಿಟಕಿಯ ಹೊರಗೇ ನೋಡುತ್ತ ಕುಳಿತಳು. ನಮ್ಮೂರು ಬರುವವರೆಗೆ ನಾನು ಟಿಕೀಟನ್ನು ಮಡಚಿ ಬಿಚ್ಚಿ ಮಡಚಿ ಹರಿದೇ ಹಾಕಿದೆ.

ಆಮೇಲೆ ಒಂದು ದಿನ ಶಿಗ್ಗಾವಿಯವರು ನಿಜವಾಗಿ ಬಂದರು. ಹೊಸ್ತಿಲು ದಾಟುವ ಮೊದಲೇ ನಾನು, "ಹುಡುಗಿ ತಾಯಿ ನೇಪಾಳದಾಕಿ ರೀ! ಎಲ್ಲಿ ಸಹಿ ಮಾಡ್ಲಿ?" ಎಂದೆ.

ಹುಡುಗನ ತಾಯಿ ಚಪ್ಪಲಿ ಬಿಡುತ್ತ ನಕ್ಕಳು. "ಗೊತ್ತೈತ್ರಿ ಯಕ್ಕಾ. ನೀವು ಒದರೂದು ಶಿಗ್ಗಾವಿ ತನಕ ಕೇಳಸ್ತೈತಿ!"

ಸಂಬಂಧ ಗಟ್ಟಿಯಾಯಿತು. ಅಂದರೆ ಆ ಸುಳ್ಳು ಬೇಕಾಗಿಯೇ ಇರಲಿಲ್ಲ!

ಪೊಲೀಸರು ಮತ್ತೆ ಯಾವಾಗ ಬರುತ್ತಾರೋ ತಿಳಿಯದು. ನಾನಂತೂ ಈಗ ಯಾರ ಬೂಟನ್ನೂ ನೋಡುವುದಿಲ್ಲ. ಅಂಗಳದಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು, ಹೊರಗೆ ಬಂದು ಹೇಳಿಬಿಡುತ್ತೇನೆ. ನಿನ್ನೆಯೂ ಹಾಗೆಯೇ ಓಡಿದೆ.

"ನಮ್ಮ ಸೊಸಿ ನೇಪಾಳದಾಕಿ ರೀ! ಹೆಸರು ಮಾಯಾ! ನನಗೂ ಅಕಿಗೂ ಕಳ್ಳೂ ಇಲ್ಲ, ಬಳ್ಳೀನೂ ಇಲ್ಲ!"

ಗ್ಯಾಸಿನವನು ಸಿಲಿಂಡರ್ ಹೆಗಲ ಮೇಲೆ ಹೊತ್ತು ನಿಂತಿದ್ದ. "ಆಗ್ಲಿ ಬಿಡಬೇ ಅಮ್ಮಾ. ಇದನ್ನೆಲ್ಲಿ ಇಳಸ್ಲಿ?"

ಒಳಗಿನಿಂದ ಮಾಯಾಳ ದನಿ ಬಂತು.

"ಅಡಿಗಿ ಮನ್ಯಾಗ ಇಡಪಾ. ಸಹಿ ನಾ ಬಂದು ಮಾಡ್ತೇನಿ. ನಮ್ಮ ಅತ್ತಿ ಕೈಯಾಗ ಪೆನ್ನು ಕೊಡಬ್ಯಾಡ!"