ಉಗುರಿನ ಗುಳಿಗೆಯೂ ಬೆಲ್ಲವಿಲ್ಲದ ಹುಗ್ಗಿಯೂ

“ಬರೋ ಶ್ರಾವಣದ ದಾಸೋಹದಾಗ ಇದ ಕಾಲಿಲೆ, ಅದ ಸಾಲಿನ್ಯಾಗ, ಅದ ಬೀಗರ ಎಲಿಗೆ ಹುಗ್ಗಿ ನೀಡ್ತೇನಿ! ಅವರು ಬಾಯಿಬಿಟ್ಟು ಎರಡನೇ ಸಲ ಕೇಳಿ ಹಾಕಿಸಿಕೋಬೇಕು. ಇಲ್ಲಂದ್ರ ಹುಗ್ಗಿ ಬಕೀಟ ಇನ್ನ ಮುಂದ ಮುಟ್ಟಂಗಿಲ್ಲ!”

ಕೊಣ್ಣೂರಿನ ಕಾಶಿನಾಥ ಇಂಥ ಭೀಷಣ ಪ್ರತಿಜ್ಞೆ ಮಾಡಿದಾಗ ಎದುರಿಗಿದ್ದವಳು ಹೆಂಡತಿ ದಾಕ್ಷಾಯಿಣಿ ಒಬ್ಬಳೇ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಆತ್ರಿ. ಮದಲ ಉಗುರು ನೋಡ್ಕೋರಿ.”

ಎಲ್ಲದರ ಮೂಲ ಆ ಉಗುರೇ. ವರ್ಷಗಟ್ಟಲೆ ಕೆಸರಿನಲ್ಲಿ ನಿಂತು ಕಬ್ಬಿಗೆ ನೀರು ಹಾಯಿಸಿದ ಎಡಗಾಲಿನ ಹೆಬ್ಬೆರಳಿನದು. ದಪ್ಪಗಾಗಿ, ಹಳದಿಯಾಗಿ, ಅಂಚಿನಲ್ಲಿ ಪುಡಿಪುಡಿ ಉದುರುತ್ತಾ ಹಳೆಯ ಬೆಲ್ಲದ ಪೆಂಟೆಯಂತೆ ಕಾಣುತ್ತಿತ್ತು. ನೋವಿಲ್ಲ, ನವೆಯಿಲ್ಲ. ಚಪ್ಪಲಿಯೊಳಗೆ ಇದ್ದಷ್ಟು ದಿನ ಅದರ ಪಾಡಿಗೆ ಅದು. ಆದರೆ ಬಸವಣ್ಣನ ಗುಡಿಯ ದಾಸೋಹದಲ್ಲಿ ಚಪ್ಪಲಿ ಎಲ್ಲಿಯದು? ಉಣ್ಣುವವರು ನೆಲದ ಮೇಲೆ ಕೂತಿರುತ್ತಾರೆ. ಬಡಿಸುವವನು ಬಂದನೆಂದರೆ ಅವರ ಕಣ್ಣಿಗೆ ಮೊದಲು ದರ್ಶನ ಕೊಡುವುದು ಬಕೀಟಲ್ಲ, ಹೆಬ್ಬೆರಳು!

ಆ ವರ್ಷ ಮೊದಲ ಸಾಲಿನಲ್ಲಿ ಕೂತವರು ಹುಕ್ಕೇರಿಯ ಕೆಂಚಪ್ಪನವರು, ಮಗಳು ಸುಮನ್‌ಳ ಮಾವ. ಕಾಶಿನಾಥ ಬೆಲ್ಲದ ಗೋಧಿ ಹುಗ್ಗಿಯ ಸೌಟು ಎತ್ತಿದ್ದೇ ತಡ, ಅವರು ಕೆಳಗೆ ನೋಡಿ ಎರಡೂ ಕೈಯಿಂದ ಎಲೆ ಮುಚ್ಚಿಬಿಟ್ಟರು.

“ಬ್ಯಾಡ್ರಿ ಬೀಗ್ರ, ಹೊಟ್ಟಿ ತುಂಬೈತಿ.”

ಎಲೆಯ ಮೇಲೆ ಆಗಿನ್ನೂ ಉಪ್ಪು ಬಿಟ್ಟರೆ ಏನೂ ಬಿದ್ದಿರಲಿಲ್ಲ! ಸಾಲಿಗೆ ಸಾಲೇ ತಿರುಗಿ ನೋಡಿತು. ಕಾಶಿನಾಥ ಹೆಬ್ಬೆರಳನ್ನು ಮಡಿಚಿಕೊಂಡು ಮುಂದಿನ ಎಲೆಗೆ ಸರಿದ. ಪ್ರತಿಜ್ಞೆ ಹುಟ್ಟಿದ್ದು ಅಲ್ಲಿ.

ಸಮರ ಆರಂಭವಾಯಿತು. ಮೊದಲು ಬೆಳ್ಳುಳ್ಳಿ ಅರೆದು ಬೆರಳಿಗೆ ಕಟ್ಟಿಕೊಂಡ. ಮನೆಗೆ ಬಂದವರೆಲ್ಲ “ಇವತ್ತೇನ ಒಗ್ಗರಣಿ ಜೋರ ಐತಿ?” ಎಂದು ಉಣ್ಣಲು ಕಾದು ಕೂತರು. ಮೂಡಲಗಿಯ ಸಂತೆಯಿಂದ ಕರಿ ಮುಲಾಮು ತಂದು ಹಚ್ಚಿದ. ಹಾಸಿಗೆ ಕರಿಯಾಯಿತು, ಉಗುರು ಹಳದಿಯಾಗಿಯೇ ಉಳಿಯಿತು. ವಿನೆಗರಿನ ಬೋಗುಣಿಯಲ್ಲಿ ಕಾಲು ಅದ್ದಿ ಕೂತ.

“ಬೆರಳು ಉಪ್ಪಿನಕಾಯಿ ಆಗೂತನಕ ಕುಂದರ್ತೀರೇನ್ರಿ? ಗೋಕಾಕಕ ಹೋಗಿ ಡಾಕ್ಟರಬಾಯಿಗೆ ತೋರಸ್ರಿ” ಎಂದಳು ದಾಕ್ಷಾಯಿಣಿ.

“ಉಗುರಿಗೆಲ್ಲಾ ಡಾಕ್ಟರ್ ಹತ್ರ ಹೋಗ್ತಾರೇನ?”

“ಉಗುರಿಗೆ ಪ್ರತಿಜ್ಞಾ ಮಾಡ್ತಾರೇನ?”

ಹೋದ. ಡಾಕ್ಟರಬಾಯಿ ಉಗುರಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ಲಿವರ್ ಚೆನ್ನಾಗಿದೆಯೇ ಎಂದು ರಕ್ತ ನೋಡಿದರು. ಆಮೇಲೆ ಗುಳಿಗೆ ಬರೆದರು.

“ಫಂಗಸ್ ಐತ್ರಿ. ಹಳೇ ಉಗುರು ಚಂದ ಆಗೂದಿಲ್ಲ, ಬುಡದಾಗಿಂದ ಹೊಸಾದು ಬರಬೇಕು. ಪೂರಾ ಬರಾಕ ಒಂದ ವರ್ಷರ ಬೇಕು. ದಿನಾ ಒಂದ ಗುಳಿಗಿ, ನಡುವ ಬಿಡಬ್ಯಾಡ್ರಿ. ಮತ್ತೊಂದ ಮಾತು. ಕೆಲವರಿಗೆ ಇದರಿಂದ ನಾಲಿಗಿ ರುಚಿ ಹೋಗ್ತೈತಿ. ಹಂಗೇನರ ಆದ್ರ ತಡಾ ಮಾಡದ ಬಂದು ಹೇಳಬೇಕು.”

ಕಾಶಿನಾಥ ಗಹಗಹಿಸಿ ನಕ್ಕ. “ನನ್ನ ನಾಲಿಗಿ ಏನಂತ ತಿಳಿದೀರಿ ಬಾಯಾರ? ಬೆಲ್ಲದ ಚೂರು ಇಟ್ರ ಸಾಕು, ಮಮದಾಪುರದ್ದೋ ನಾಗನೂರದ್ದೋ ಹೇಳ್ತೈತಿ! ಅದು ಹೋಗೂ ನಾಲಿಗಿ ಅಲ್ಲ.”

ಬಡಾಯಿಯಲ್ಲ, ಊರೇ ಒಪ್ಪಿದ ನಾಲಿಗೆ ಅದು. ಕಾಶಿನಾಥ ರುಚಿ ನೋಡಿ ತಲೆಯಾಡಿಸದೆ ದಾಸೋಹದ ಒಂದು ಹಂಡೆಯೂ ಒಲೆಯಿಂದ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಆ ನಾಲಿಗೆಗೆ ರಜೆಯೇ ಇರಲಿಲ್ಲ. ಮದುವೆಯಾದಂದಿನಿಂದ ಹೊತ್ತುಹೊತ್ತಿಗೆ ತೀರ್ಪು: “ಉಪ್ಪು ಒಂದ ಹರಳ ಕಡಿಮಿ”, “ಸಾರಿಗೆ ಹುಳಿ ಜಾಸ್ತಿ”, “ಅವ್ವ ಮಾಡಿದಂಗ ಆಗಿಲ್ಲ”.

ಗುಳಿಗೆ ತನ್ನ ಕೆಲಸ ಶುರು ಮಾಡಿತು. ಶ್ರಾವಣ ಹತ್ತಿರ ಬರುವ ಹೊತ್ತಿಗೆ ಉಗುರಿನ ಬುಡದಲ್ಲಿ ಬಿದಿಗೆಯ ಚಂದ್ರನಂತೆ ತಿಳಿಗೆಂಪು ಗೆರೆಯೊಂದು ಮೂಡಿತು. ಕಾಶಿನಾಥ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿದವನೇ ಬಿಸಿಲಿಗೆ ಕಾಲು ಚಾಚಿ ಆ ಚಂದ್ರದರ್ಶನ ಮಾಡುತ್ತಿದ್ದ.

ಅಂಥದ್ದೇ ಒಂದು ಶುಭ ಮುಂಜಾನೆ ಚಹಾ ಕುಡಿದರೆ ಬಿಸಿನೀರು! ಬೆಲ್ಲ ಕಚ್ಚಿದರೆ ಮಣ್ಣಿನ ಹೆಂಟೆ! ಮೆಣಸಿನಕಾಯಿ ಕಚ್ಚಿದ. ಕಣ್ಣಲ್ಲಿ ನೀರು ಬಂತು, ನಾಲಿಗೆಗೆ ರುಚಿ ಬರಲಿಲ್ಲ.

ಡಾಕ್ಟರಬಾಯಿಗೆ ಹೇಳಿದರೆ ಗುಳಿಗೆ ನಿಲ್ಲಿಸುತ್ತಾರೆ, ಚಂದ್ರ ಬಿದಿಗೆಯಲ್ಲೇ ಉಳಿಯುತ್ತಾನೆ. ಹೆಂಡತಿಗೆ ಹೇಳಿದರೆ ತನ್ನ ತೀರ್ಪಿಗೆ ಯಾರು ತಲೆಬಾಗುತ್ತಾರೆ? ಬಾಯಿ ಮುಚ್ಚಿಕೊಂಡ. ಅಂದರೆ, ರುಚಿಯ ವಿಷಯದಲ್ಲಿ ಮುಚ್ಚಿಕೊಂಡ. ತೀರ್ಪು ಮಾತ್ರ ನಡೆದೇ ಇತ್ತು. ಗೊತ್ತಾಗಲಿ ಬಿಡಲಿ, “ಉಪ್ಪು ಒಂದ ಹರಳ ಕಡಿಮಿ” ಎಂದು ಎಸೆಯುತ್ತಿದ್ದ. ದಾಕ್ಷಾಯಿಣಿ “ಹೂಂ” ಎನ್ನುತ್ತಿದ್ದಳು. ಅವಳಿಗೆ ಅನುಮಾನವೇ ಬರಲಿಲ್ಲ!

ಶ್ರಾವಣದ ಕೊನೆಯ ಸೋಮವಾರ ಬಂತು. ಗುಡಿಯ ಹಿಂದೆ ಒಲೆಗಳು ಧಗಧಗ. ಅಡುಗೆಗೆಲ್ಲ ಹಿರಿಯಳಾದ ಬಾಳವ್ವ ಸೆರಗು ಬಿಗಿದು ನಿಂತಿದ್ದಳು. ಗೋಧಿ ಹುಗ್ಗಿಯ ದೊಡ್ಡ ಹಂಡೆಯಿಂದ ಒಂದು ಸೌಟು ತೆಗೆದು ಭಕ್ತಿಯಿಂದ ಕಾಶಿನಾಥನ ಅಂಗೈಗೆ ಹಾಕಿದಳು. ಸುತ್ತಲೂ ಹತ್ತಾರು ಜನ ಉಸಿರು ಬಿಗಿಹಿಡಿದರು. ಕಾಶಿನಾಥ ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿದ, ಎರಡು ಸಲ ಚಪ್ಪರಿಸಿದ.

“ಭೇಷ್ ಬಾಳವ್ವಾ! ಬೆಲ್ಲ ಬರೋಬ್ಬರಿ ಬಿದ್ದೈತಿ! ಇಳಸ್ರಿ ಹಂಡೆ!”

ಯಾರೂ ಅಲುಗಾಡಲಿಲ್ಲ. ಬಾಳವ್ವ ಮೆಲ್ಲಗೆ ಹೇಳಿದಳು:

“ಅಣ್ಣಾರ, ಬೆಲ್ಲ ಇನ್ನೂ ಚೀಲದಾಗ ಐತ್ರಿ. ಗೋಧಿ ಬೆಂದೈತೇನು ನೋಡ್ರಿ ಅಂತ ಕೊಟ್ಟಿದ್ದೆ.”

ಆದರೆ ನೆನಪಿಡಿ, ಆ ನಾಲಿಗೆಗೆ ಹೋದದ್ದು ರುಚಿ ಮಾತ್ರ, ಮಾತಲ್ಲ!

“ಗೊತ್ತೈತಿ!” ಎಂದು ಗುಡುಗಿದ. “ಚೀಲದಾಗ ಇದ್ದದ್ದ ಬರೋಬ್ಬರಿ ಅಂದೆ! ಊರಾಗ ಸಕ್ಕರಿ ಕಾಯಿಲೆ ಇಲ್ಲದ ಮನಿ ಯಾವದೈತಿ? ಅವರು ಬಸವಣ್ಣನ ಪ್ರಸಾದಕ್ಕ ಬಂದು ಬರೇ ಅನ್ನಾ ಸಾರು ಉಂಡು ಹೋಗಬೇಕೇನು? ಈ ವರ್ಷ ಹುಗ್ಗಿ ಬ್ಯಾರೆ, ಬೆಲ್ಲದ ಪಾಕ ಬ್ಯಾರೆ. ಬೇಕಾದವರು ಪಾಕ ಹಾಕ್ಕೋಲಿ, ಬ್ಯಾಡಾದವರು ಹಾಲು ತುಪ್ಪ ಹಾಕ್ಕೊಂಡು ತಿನ್ನಲಿ!”

ಬಾಳವ್ವನ ಕಣ್ಣು ತುಂಬಿ ಬಂದವು. ಅವಳ ಗಂಡನಿಗೂ ಸಕ್ಕರೆ ಕಾಯಿಲೆ. “ಎಂಥಾ ತಿಳುವಳಿಕಿರಿ ನಿಮ್ದು!” ಎಂದು ಕೈ ಮುಗಿದಳು.

ಪಂಕ್ತಿ ಕೂತಿತು. ಮೊದಲ ಸಾಲಿನಲ್ಲಿ ಕೆಂಚಪ್ಪನವರು! ಕಾಶಿನಾಥ ಹೆಬ್ಬೆರಳಿನ ಚಂದ್ರನನ್ನು ಚೆನ್ನಾಗಿ ಕಾಣುವಂತೆ ಮುಂದಿಟ್ಟು ಬಕೀಟು ಹಿಡಿದು ನಿಂತ. ಕೆಂಚಪ್ಪನವರ ಕೈಗಳು ಎಲೆಯ ಕಡೆ ಸರಿದವು.

“ಬೀಗ್ರ, ಇದರಾಗ ಬೆಲ್ಲ...”

“ಇಲ್ರಿ. ಬೆಲ್ಲದ ಪಾಕ ಹಿಂದ ಬ್ಯಾರೆ ಬರತೈತಿ.”

“ಹಂಗಾರ ಹಾಕ್ರಿ!”

ಹಾಕಿದ. ಹಾಲು ಬಂತು, ತುಪ್ಪ ಬಂತು. ಕಾಶಿನಾಥ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು: “ಏ ಬೀಗ್ರ, ಇನ್ನೊಂದೀಟ ಹುಗ್ಗಿ!” ಎರಡನೇ ಸಲ! ಆಮೇಲೆ ಮೂರನೇ ಸಲ! ಸಾಲಿನ ಹಿರಿಯರೆಲ್ಲ ಬೆರಳು ಚೀಪಿದರು. ಗುಡಿಯ ಹಿರಿಯರು ಶಾಲು ತರಿಸಿ ಕಾಶಿನಾಥನಿಗೆ ಹೊದಿಸಿಯೇ ಬಿಟ್ಟರು.

ಕೈ ತೊಳೆಯುವಾಗ ಕೆಂಚಪ್ಪನವರು ಪಕ್ಕಕ್ಕೆ ಕರೆದರು.

“ಹ್ವಾದ ವರ್ಷ ಎಲಿ ಮುಚ್ಚಿದ್ದೆ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಅವತ್ತ ಸಕ್ಕರಿ ಮುನ್ನೂರು ದಾಟಿತ್ತು. ಮಂದಿಯಾಗ ಹೇಳಾಕ ನಾಚಿಕಿ ಆತು.”

ಕಾಶಿನಾಥ ದಂಗಾದ. “ಅಂದ್ರ... ನನ್ನ ಉಗುರು ನೋಡಿ ಅಲ್ಲೇನ್ರಿ?”

“ಯಾವ ಉಗುರು?”

ಮರುದಿನವೇ ಕಾಶಿನಾಥ ಗೋಕಾಕಕ್ಕೆ ಹೋಗಿ ನಿಜ ಹೇಳಿದ. ಡಾಕ್ಟರಬಾಯಿ ಬೈದು, ಗುಳಿಗೆ ನಿಲ್ಲಿಸಿ, ವಾರಕ್ಕೊಮ್ಮೆ ಉಗುರನ್ನು ಉಜ್ಜಿ ಹಚ್ಚುವ ಔಷಧ ಕೊಟ್ಟರು. ನೋಡಿದರೆ ಥೇಟು ನೇಲ್ ಪಾಲಿಶ್! ಕಟ್ಟೆಯ ಮೇಲೆ ಕೂತು ಅವನು ಹಚ್ಚಿಕೊಳ್ಳುವಾಗ ಓಣಿಯ ಹೆಂಗಸರು “ಇನ್ನೊಂದ ಕಾಲಿಗೂ ಹಚ್ರಿ ಕಾಶಿನಾಥಣ್ಣಾ, ಜೋಡಿ ಆಗ್ತೈತಿ!” ಎಂದು ನಕ್ಕರು. ಅವನೂ ನಕ್ಕ. ಶಾಲು ಹೊದ್ದ ಮನುಷ್ಯನಿಗೆ ಯಾವ ಅಳುಕು?

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ಬಾಯಿಗಿಟ್ಟ. ಉಪ್ಪು! ಖಾರ! ಬೆಳ್ಳುಳ್ಳಿ! ಸಾಲಾಗಿ ಬಂದು ನಾಲಿಗೆಯ ಮೇಲೆ ಕೂತವು. ಕಾಶಿನಾಥನಿಗೆ ಅಳುವೇ ಬಂತು. ಮನಸ್ಸು ತುಂಬಿ ಬಂದವನು ಹೆಂಡತಿಯ ಮುಂದೆ ಎಲ್ಲ ಹೇಳಿಬಿಟ್ಟ.

“ದಾಕ್ಷಾ, ಇಷ್ಟ ದಿನಾ ನನಗ ರುಚೀನ ಗೊತ್ತಾಗ್ತಿರಲಿಲ್ಲ. ಉಪ್ಪು ಕಡಿಮಿ, ಹುಳಿ ಜಾಸ್ತಿ ಅಂದದ್ದೆಲ್ಲಾ ಬರೇ ಅಂದಾಜು.”

ದಾಕ್ಷಾಯಿಣಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ ಬಹಳ ಅಕ್ಕರೆಯಿಂದ ಕೇಳಿದಳು:

“ಅದು ಈ ಗುಳಿಗಿ ಸಂಬಂಧ ಆತು, ತಿಳೀತ್ರಿ. ಅದಕ್ಕಿಂತ ಮದಲ, ಲಗ್ನ ಆದಾಗಿಂದ, ಯಾವ ಗುಳಿಗಿ ತಗೋತಿದ್ರಿ?”