ಕಾಕಾನ ‘ಅದು’

ನಮ್ಮ ಕಾಕಾನಷ್ಟು ಪೀಡೆ ಕೊಡುವ ಮನುಷ್ಯ ಇಡೀ ನಿಪ್ಪಾಣಿ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಬಸದಿಯ ಕಟ್ಟೆ ಹತ್ತಿ ಬೇಕಾದರೂ ಹೇಳುತ್ತೇನೆ! ಮನುಷ್ಯರು ಬಂದರೆ “ಯಾಕ ಬಂದಿ?” ಅನ್ನುತ್ತಾನೆ. ಹದ್ದು ಬಂದರೆ “ಬರ್ರಿ, ಬರ್ರಿ” ಅನ್ನುತ್ತಾನೆ.

ಅಕ್ಕೋಳದಲ್ಲಿ, ಮನೆಯ ಪಕ್ಕದಲ್ಲೇ, ತಂಬಾಕು ತುಂಬಿಡುತ್ತಿದ್ದ ಅವನದೊಂದು ಹಳೆಯ ವಖಾರಿ ಇದೆ. ಖಾಲಿಯಾದ ಮೇಲೆ ಬಾಡಿಗೆಗೆ ಕೊಟ್ಟಿದ್ದರೆ ಅವನ ಹೆಂಡತಿ, ನಮ್ಮ ಕಾಕು, ಒಂದು ಫ್ರಿಜ್ಜಾದರೂ ಕೊಳ್ಳುತ್ತಿದ್ದಳು. ಇವನು ಬಲೆ ಕಟ್ಟಿಸಿ, ರೆಕ್ಕೆ ಮುರಿದ ಹದ್ದು, ಗಿಡುಗ, ಗೂಬೆಗಳನ್ನೆಲ್ಲ ತಂದು ತುಂಬಿಸಿದ. ಗಾಯದ ಹಕ್ಕಿ ಸಿಕ್ಕರೆ ಅರಣ್ಯ ಇಲಾಖೆಯವರೂ ಇವನಲ್ಲಿಗೇ ಕಳಿಸತೊಡಗಿದರು. ದನದ ಡಾಕ್ಟರು ಬಂದು ಹೊಲಿಗೆ ಹಾಕಿ ಹೋಗುತ್ತಿದ್ದರು.

ಇರಲಿ, ಅವನ ಹುಚ್ಚು ಅವನಿಗೆ. ಆದರೆ ನಾವು ಜೈನರು! ಉಳ್ಳಾಗಡ್ಡಿ ಮುಟ್ಟದ, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತದ ಮನೆತನ. ಹದ್ದಿಗೆ ಹೆಸರುಬೇಳೆ ಕೋಸಂಬರಿ ಹಾಕಲಾದೀತೇ? ಅದಕ್ಕೆ ಬೇಕಾದುದನ್ನು ಹೊಲದ ಆಳು ತರುತ್ತಿದ್ದ. ಒಂದು ದಿನ, ಗಾಳಿಪಟದ ಮಾಂಜಾ ದಾರ ಸುತ್ತಿಕೊಂಡು ರೆಕ್ಕೆ ಎಲುಬಿನವರೆಗೆ ಕೊಯ್ದುಹೋದ ಹದ್ದೊಂದು ಬಂತು. ಅವತ್ತೇ ಕಾಕಾ ಆಳಿಗೆ ಬೇಡವೆಂದು ಹೇಳಿ ನನ್ನ ಕಡೆ ಬೆರಳು ತೋರಿಸಿದ.

“ಇಕಿಗೆ ನೀನ ತರಬೇಕು. ಬ್ಯಾರೆಯವರು ಬ್ಯಾಡ.”

ನಾನೇ ಯಾಕೆ? ಮನೆತನದಲ್ಲಿ ಗಂಡಸರಿಗೆ ಬರವೇ? ನಿಪ್ಪಾಣಿಯಲ್ಲಿ ನನ್ನದು ಮರ್ಯಾದೆಯ ದುಕಾನು. ವಹಿ, ಪೆನ್ನು, ಕಂಪಾಸು, ಗಾಳಿಪಟದ ಹಂಗಾಮಿನಲ್ಲಿ ಪತಂಗ ಮತ್ತು ಮಾಂಜಾ. ‘ಎಷ್ಟು ಎಳೆದರೂ ಹರಿಯದ ಮಾಂಜಾ’ ಎಂದು ಬೋರ್ಡು ಬರೆಸಿದ್ದೆ. ಜಾಹೀರಾತಿಗೆಂದು ಪ್ರತಿ ಪತಂಗದ ಮೇಲೂ ದುಕಾನಿನ ಹೆಸರಿನ ಶಿಕ್ಕಾ ಒತ್ತುತ್ತಿದ್ದೆ. ಅಂಥವನು ಕೋಳಿ ಅಂಗಡಿಯ ಮುಂದೆ ಸರದಿಯಲ್ಲಿ ನಿಲ್ಲಬೇಕೇ?

ಊರವರ ಕಣ್ಣು ತಪ್ಪಿಸಿ ಕೊಗನೊಳ್ಳಿಗೆ ಹೋಗುತ್ತಿದ್ದೆ. ಅಲ್ಲಿಯೂ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಹದಿನೈದು ದಿನ ಸುಮ್ಮನಿದ್ದ ಅಂಗಡಿಯವನು ಹದಿನಾರನೆಯ ದಿನ ಹೇಳಿದ: “ಹೆಲ್ಮೆಟ್ ತಗೀರಿ ಶೇಠ್ರ, ಸೆಕಿ ಭಾಳ ಐತಿ. ನಮ್ಮ ಹುಡುಗೂರು ನಿಮ್ಮ ದುಕಾನದಾಗ ವಹಿ ತಗೋತಾವ.”

ಇಷ್ಟಾದರೂ ಕಾಕಾನ ಬಾಯಲ್ಲಿ ಕೋಳಿ ಎಂಬ ಮಾತು ಬರುವುದೇ ಇಲ್ಲ! ಫೋನು ಮಾಡಿ “ಅದು ತಗೊಂಡ ಬಾ” ಅನ್ನುತ್ತಾನೆ, ಅಷ್ಟೇ. ಒಮ್ಮೆ ಅವನ ಮನೆಯಲ್ಲಿ ಪೂಜೆ. ತೆಂಗಿನಕಾಯಿ ತರಿಸು ಎಂದು ಕಾಕು ಹೇಳಿದ್ದಳಂತೆ. ಇವನು ರೂಢಿಯಂತೆ ನನಗೆ “ಅದು ತಾ, ಜಲ್ದಿ” ಅಂದ. ನಾನು ಕೋಳಿ ತಂದೆ. ಬಾಗಿಲಲ್ಲೇ ಕಾಕು “ತಂದ್ಯಾ? ಕೊಡ ಇಲ್ಲಿ” ಎಂದು ಕೈಚಾಚಿದಳು. ಕೊಟ್ಟೆ! ಚೀಲ ಬಿಚ್ಚಿ ಅವಳು ಕೂಗಿದ ಕೂಗಿಗೆ ವಖಾರಿಯ ಗೂಬೆಗಳು ಹಾಡಹಗಲೇ ಎಚ್ಚರಗೊಂಡವು. ಮನೆಯನ್ನು ಮೂರು ಸಲ ತೊಳೆಯಬೇಕಾಯಿತು. ತೊಳೆದವನು ಯಾರು? ನಾನೇ!

ಹದ್ದಿನ ಸೊಕ್ಕು ಕೇಳಬೇಡಿ. ಬಂದ ಮೊದಲ ಮೂರು ದಿನ ಅವಳು ಏನನ್ನೂ ಮುಟ್ಟಿರಲಿಲ್ಲ. “ಅಕಿ ಉಣ್ಣೂತನಾ ನಾ ಉಣ್ಣೂದಿಲ್ಲ” ಎಂದು ಕಾಕಾ ಹಟ ಹಿಡಿದಿದ್ದ. ಹೊತ್ತು ಮುಳುಗಿತೆಂದರೆ ಅವನ ಆ ದಿನದ ಊಟ ಹೋದಂತೆಯೇ. ಹದ್ದು ಉಪವಾಸ, ಕಾಕಾ ಉಪವಾಸ, ಕಾಕುವಿನ ಬೈಗುಳ ಮಾತ್ರ ನನಗೆ! ರೇಗಿ ಕೂಗಾಡಿದ್ದೆ: “ಈ ಹಾಳ ಮಾಂಜಾ ಮಾರಿದ ಹರಾಮಖೋರ ಯಾರು? ಸಿಗಲಿ, ಕಾಲ ಮುರೀತೇನಿ!” ನಮ್ಮ ದುಕಾನಿನ ಮಾಲು ಅಂಥದಲ್ಲ ಎಂದು ನನ್ನ ಗಟ್ಟಿ ನಂಬಿಕೆ.

ಕಾಕಾ ನನ್ನ ಮುಖವನ್ನೇ ನೋಡಿದ. “ಸಾವಕಾಶ ಮಾತಾಡ. ಅಕಿ ಅಂಜ್ತಾಳ,” ಅಂದ.

ನಾಲ್ಕನೆಯ ಸಂಜೆ, ಇನ್ನೇನು ಸೂರ್ಯ ಕಬ್ಬಿನ ಹಿಂದೆ ಇಳಿಯಬೇಕು, ನನ್ನ ಕೈಯ ಇಕ್ಕಳದಿಂದ ಅವಳು ಒಂದು ಚೂರು ಕಿತ್ತುಕೊಂಡಳು. ಕಾಕಾ ಚಪ್ಪಲಿಯನ್ನೂ ಮೆಟ್ಟದೆ ಊಟಕ್ಕೆ ಓಡಿದ.

ನಾಲ್ಕು ತಿಂಗಳು ದಿನಾ ಹೋದೆ. ದಿನಾ ಬೈದುಕೊಂಡೇ ಹೋದೆ. ಒಂದು ಮುಂಜಾನೆ ಬಲೆ ಸರಿಸಿದೆವು. ಅವಳು ಹೊರಗೆ ಬಂದು ಒಮ್ಮೆ ನೆಲದತ್ತ ಜಾರಿದಳು, ನಾನು ಕೈಚಾಚಿ ಓಡಿದೆ, ಮತ್ತೆ ಎದ್ದು ವಖಾರಿಯ ಮೇಲೆ ಒಂದು ಸುತ್ತು ಹೊಡೆದು ಹೊರಟೇ ಹೋದಳು. ಇಷ್ಟು ತಿಂದವಳು ತಿರುಗಿಯೂ ನೋಡಲಿಲ್ಲ!

ಅವಳ ಗೂಡು ತೊಳೆಯಲು ಹೋದಾಗ ಮೇಲಿನ ಜಂತಿಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ನೇರಳೆ ಮಾಂಜಾದ ಸಿಕ್ಕು, ಅದಕ್ಕೆ ಒಣಗಿದ ರಕ್ತ. ಜೊತೆಗೆ ಹಳದಿ ಪತಂಗದ ಒಂದು ಹರಕು ತುಂಡು. ತುಂಡಿನ ಮೇಲೆ ನನ್ನ ದುಕಾನಿನ ಶಿಕ್ಕಾ.

ಅಷ್ಟು ದಿನ ಕಾಕಾನ ಮೇಲೆ, ಹದ್ದಿನ ಮೇಲೆ, ಊರಿನ ಮೇಲೆ ಕಾರಿದ ಸಿಟ್ಟೆಲ್ಲ ನನಗೇ ತಿರುಗಿತು. ಡಬ್ಬಿ ಹಿಡಿದುಕೊಂಡು ಹೊರಗೆ ಬಂದೆ.

“ಮೊದಲ ದಿನಾನ ಗೊತ್ತಿತ್ತೇನ ಕಾಕಾ?”

“ಹೂಂ. ಅಕಿ ರೆಕ್ಕ್ಯಾಗಿಂದ ನಾನ ಬಿಡಿಸೇನಿ.”

“ಹೇಳಬೇಕಿತ್ತಲ್ಲ!”

“ಹೇಳಿದ್ರ ಒಂದ ದಿನಾ ಅತ್ತು ಬಿಟ್ಟಬಿಡ್ತಿದ್ದಿ,” ಅಂದ ಕಾಕಾ, ನನ್ನ ಬೆನ್ನ ಮೇಲೆ ಕೈಯಿಟ್ಟು. “ಹೇಳಲಿಲ್ಲ ಅಂತ ನಾಲ್ಕ ತಿಂಗಳ ಬಂದಿ.”

ಅಂದು ಸಂಜೆಯೇ ಬೋರ್ಡು ಇಳಿಸಿ, ದುಕಾನಿನಲ್ಲಿದ್ದ ಮಾಂಜಾವನ್ನೆಲ್ಲ ಕತ್ತರಿಸಿ ಹಾಕಿದೆ. ವಖಾರಿಯಲ್ಲಿ ಕಾಲು ಮುರಿದ ಗೂಬೆ ಇನ್ನೂ ಇತ್ತು. ಮರುದಿನ ನಿಪ್ಪಾಣಿಯಲ್ಲೇ, ನನ್ನ ದುಕಾನಿನ ಎದುರಿನ ಓಣಿಯ ಅಂಗಡಿಗೆ, ಹೆಲ್ಮೆಟ್ ಕೈಯಲ್ಲಿ ಹಿಡಿದು ಹೋಗಿ ಸರದಿಯಲ್ಲಿ ನಿಂತೆ.

“ಏನ ಬೇಕಾಗಿತ್ರಿ ಶೇಠ್ರ?” ಅಂಗಡಿಯವನು ಗಾಬರಿಯಾಗಿ ಕೇಳಿದ.

“ಕೋಳಿ,” ಅಂದೆ, ಎಲ್ಲರಿಗೂ ಕೇಳುವಂತೆ.